ಊರಿಗೆಲ್ಲ ಒಂದೇ ಕೊರಡು

ಹುಣಸೆಕೊಪ್ಪಲಿಗೆ ಸರ್ಕಾರದ ಕಾನೂನು ಮಳವಳ್ಳಿಯಿಂದ ಬಸ್ಸು ಹತ್ತಿ ಬರುತ್ತಿತ್ತು. ಬೆಳಕವಾಡಿ ದಾರಿಯಲ್ಲಿ ಇಳಿದು, ಬಿಸಿಲು ನೋಡಿ, ಅದೇ ಬಸ್ಸಿಗೆ ವಾಪಸು ಹೋಗುತ್ತಿತ್ತು. ಊರಿನೊಳಗೆ ನಡೆಯುತ್ತಿದ್ದದ್ದು ಊರಿನ ಕಟ್ಟು. ಭತ್ತದ ಒಟ್ಲು, ಅಂದರೆ ಸಸಿಮಡಿ, ಬಿಟ್ಟ ಮೇಲೆ ಕೋಳಿಗಳನ್ನು ಮಂಕರಿಯಡಿ ಮುಚ್ಚಬೇಕು. ಆಡು ನಾಲೆಯ ಏರಿ ಹತ್ತಬಾರದು. ಕೋಳಿ ಹಿಡಿದ ನಾಯಿಯ ಕೊರಳಿಗೆ ದೊಣ್ಣೆ ಕಟ್ಟಬೇಕು. ಪೈರಿಗೆ ನುಗ್ಗಿದ ದನಕ್ಕೆ, ಮೂರನೆಯ ಸಲ ಸಿಕ್ಕಿಬಿದ್ದರೆ, ಕೊರಡು.

ದೊಣ್ಣೆ ಯಾವುದಾದರೂ ಆದೀತು. ಕೊರಡು ಮಾತ್ರ ಒಂದೇ. ಒಂದೂವರೆ ಮೊಳದ ಜಾಲಿ ಮರದ ತುಂಡು, ಹಗ್ಗ ತಿಂದು ತಿಂದು ನಡುವೆ ಸವೆದದ್ದು, ಮಾರಿಗುಡಿಯ ತೊಲೆಗೆ ನೇತುಬಿದ್ದಿರುತ್ತಿತ್ತು. ಕೊರಳಿಗೆ ಕಟ್ಟಿದರೆ ದನ ಓಡಿದಾಗಲೆಲ್ಲ ಮುಂಗಾಲ ಮಂಡಿಗೆ ಬಡಿಯುತ್ತದೆ. ಬೇಲಿ ಹಾರುವ ಆಸೆ ಅಲ್ಲಿಗೇ ಮುಗಿಯುತ್ತದೆ. ಯಾವ ಕಾಲದಲ್ಲೋ ಮಾರಮ್ಮನ ಮುಂದೆ ಪೂಜೆ ಮಾಡಿಸಿ ಇಟ್ಟ ಕೊರಡಂತೆ. ಎರಡನೆಯದು ಮಾಡಿಸಿದರೆ ಊರು ಎರಡಾಗುತ್ತದೆ ಅನ್ನುವುದು ಹಿರಿಯರ ಮಾತು. ಒಬ್ಬನೂ ಅದನ್ನು ಪರೀಕ್ಷೆ ಮಾಡಲು ಹೋಗಿರಲಿಲ್ಲ.

ಈ ಕಟ್ಟಿಗೆ ತಲೆಬಾಗದೆ ಇದ್ದವಳು ಒಬ್ಬಳೇ, ನಿಂಗಯ್ಯನ ಹೆಂಡತಿ ಚಿಕ್ಕಬೋರಮ್ಮ. ತಪ್ಪು, ತಪ್ಪು. ತಲೆಬಾಗಿದಳು. ಬಾಗಿದ ರೀತಿ ಮಾತ್ರ ಬೇರೆ.

ಆಕೆಯ ತವರು ಮಂಡ್ಯದ ಗುತ್ತಲು. ಊರಿಗೆ ಸೊಸೆಯಾಗಿ ಬಂದ ಮೊದಲ ವಾರವೇ ನ್ಯಾಯಬೆಲೆ ಅಂಗಡಿಯವನ ತಕ್ಕಡಿ ತಟ್ಟೆಯನ್ನು ಬೋರಲು ಹಾಕಿ, ಅಡಿಗೆ ಮೆತ್ತಿದ್ದ ಹುಣಸೆಹಣ್ಣನ್ನು ಉಗುರಿನಿಂದ ಕೆರೆದು ತೋರಿಸಿದ್ದಳು. ಗುತ್ತಲಿನ ಬಾಯಿ ಎಂದು ಆವತ್ತೇ ಹೆಸರು ಬಿತ್ತು. ಆಳು ಗಿಡ್ಡ, ಧ್ವನಿ ಎತ್ತರ. ನಾಲೆಯ ಈಚೆ ನಿಂತು ಕರೆದರೆ ಆಚೆ ಗದ್ದೆಯ ಎತ್ತು ತಿರುಗಿ ನೋಡುತ್ತಿತ್ತು. ಗಂಡ ನಿಂಗಯ್ಯ ಇದಕ್ಕೆ ತಕ್ಕ ಜೋಡಿ. ದಿನಕ್ಕೆ ನಾಲ್ಕು ಮಾತು ಆಡಿದರೆ ಅದರಲ್ಲಿ ಮೂರು 'ಆಗ್ಲಿ' ಎಂಬುದೇ. ಜಗಳ ಆಕೆಯ ಪಾಲಿಗೆ, ಸಮಾಧಾನ ಅವನ ಪಾಲಿಗೆ ಎಂದು ಇಬ್ಬರೂ ಮದುವೆಯ ದಿನವೇ ಹಂಚಿಕೊಂಡಂತಿತ್ತು.

ಹಿಂದಿನ ವರ್ಷದವರೆಗೆ ಅವರ ಮನೆಯಲ್ಲಿ ಕರಿಯ ಎಂಬ ನಾಯಿ ಇತ್ತು. ಊರಿನ ಯಜಮಾನ ಅಂಕಯ್ಯನ ಮನೆಯ ಹುಂಜವೊಂದು ಕಾಣೆಯಾಯಿತು. ಹಿಡಿದದ್ದು ನರಿಯೋ ನಾಯಿಯೋ ಯಾರೂ ನೋಡಲಿಲ್ಲ, ಆದರೆ ತೀರ್ಮಾನ ಕರಿಯನ ಕೊರಳಿಗೆ ಬಂತು. ಆಗ ಚಿಕ್ಕಬೋರಮ್ಮ ಬೈದಳು, ಶಪಿಸಿದಳು, ಕೊನೆಗೆ ಕಟ್ಟಿಸಿದಳು. ನಾಲ್ಕು ದಿನಕ್ಕೆ ಕರಿಯ ನೀರು ಕುಡಿಯಲು ನಾಲೆಗೆ ಇಳಿದದ್ದು ಜಾರಿತು. ಈಜಬಲ್ಲ ನಾಯಿ. ನಾಲೆಯ ದಡಕ್ಕೆ ಕಟ್ಟಿದ ಕಲ್ಲುಗಳ ಸಂದಿಗೆ ಕೊರಳ ದೊಣ್ಣೆ ಅಡ್ಡ ಸಿಕ್ಕಿ, ದಡ ಮೂಗಿನ ಮುಂದಿದ್ದರೂ ಹತ್ತಲಾಗದೆ ಸತ್ತಿತು. ಕೆಳಗಿನ ತೂಬಿನ ಹತ್ತಿರ ಸಿಕ್ಕ ಅದನ್ನು ಚಿಕ್ಕಬೋರಮ್ಮ ಸೆರಗಿನಲ್ಲಿ ಎತ್ತಿಕೊಂಡು ಬಂದಳು. ಮಕ್ಕಳಿಲ್ಲದ ಮನೆಯ ನಾಯಿ ಅದು. ಕಟ್ಟಿಸಬಾರದಿತ್ತು, ನಾನೇ ಕೊಂದೆ ಎಂದು ಆಕೆ ವರ್ಷವಿಡೀ ಕುದಿದಳು. 'ಇನ್ನ ನಮ್ಮಟ್ಟೀಲಿ ಬಾಯಿಲ್ದ ಜೀವುದ್ ಕೊಳ್ಗೆ ಏನೂ ಕಟ್ಸಾಕಿಲ್ಲ' ಎಂದು ಅಂದೇ ಹೇಳಿದ್ದಳು. ಹೆಂಗಸರು ಹೆಣದ ಮುಂದೆ ಏನೇನೋ ಹೇಳುತ್ತಾರೆ ಎಂದು ಊರು ಸುಮ್ಮನಾಯಿತು.

ಈಗ ಕೊರಡಿನ ಸರದಿ ಕೆಂಪಿಗೆ ಬಂತು. ಕೆಂಪಿ ಅವರ ಮನೆಯ ಹಳ್ಳಿಕಾರ್ ಕಡಸು, ಚೊಚ್ಚಲ ಗಬ್ಬ, ಏಳು ತಿಂಗಳು ತುಂಬಿತ್ತು.

ಕೆಂಪಿ ಅಂಕಯ್ಯನ ಕಬ್ಬು ಮೇದದ್ದು ನಿಜ. ಮೂರು ಸಲ ಮೇದದ್ದೂ ನಿಜ. ಆದರೆ ಮೇಯದೆ ಹೋಗುವುದು ಹೇಗೆ ಎಂದು ಹೇಳುವವರು ಯಾರೂ ಇರಲಿಲ್ಲ. ಊರಿನ ದನ ನಾಲೆಗೆ ನೀರಿಗೆ ಹೋಗಲು ಮೊದಲಿನಿಂದ ಒಂದು ಓಣಿ. ಎರಡು ಗಾಡಿ ಎದುರಾದರೂ ಗಾಡಿಯವರು ಬೀಡಿ ಹಂಚಿಕೊಂಡು ಮುಂದೆ ಹೋಗುವಷ್ಟು ಅಗಲವಿತ್ತು ಅದು. ಎರಡು ಪಕ್ಕವೂ ಅಂಕಯ್ಯನ ಜಮೀನು. ಪ್ರತಿ ವರ್ಷ ಅವನ ನೇಗಿಲು ಆಚೆಗೊಂದು ಸಾಲು, ಈಚೆಗೊಂದು ಸಾಲು ಓಣಿಗೆ ಹೊರಳುತ್ತಿತ್ತು. ಬೆಲ್ಲಕ್ಕೆ ಬೆಲೆ ಬಂದ ಮೇಲೆ ಕಬ್ಬು ಹಾಕಿದ. ಓಣಿ ಈಗ ಹಸುವಿನ ಎರಡು ಪಕ್ಕೆಗೂ ಕಬ್ಬಿನ ಗರಿ ಸವರುವಷ್ಟಾಗಿತ್ತು. ಗಬ್ಬದ ಹಸುವಿನ ಬಾಯಿಗೆ ಎರಡು ಕಡೆಯಿಂದ ಎಳೆಗರಿ ಬಡಿಸಿಟ್ಟು, ತಿನ್ನಬೇಡ ಅನ್ನುವುದು ಯಾವ ನ್ಯಾಯ? ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು, ಕೊರಡು ಮಾತ್ರ ಹಸುವಿಗೆ.

ಇದು ಎಲ್ಲರಿಗೂ ಗೊತ್ತಿತ್ತು. ಅಂಕಯ್ಯನ ಹತ್ತಿರ ಸಾಲ ತಂದವರು, ಅವನ ಆಲೆಮನೆಯಲ್ಲಿ ಕಬ್ಬು ಅರೆಸುವವರು, ಎಲ್ಲರೂ ಊರಿನವರೇ. ಮೇಲಾಗಿ ಅದು ಎಮರ್ಜೆನ್ಸಿ ಕಾಲ. ಬಾಯಿ ಬಿಟ್ಟರೆ ಪೊಲೀಸಿನವರು ಎತ್ತಿಕೊಂಡು ಹೋಗುತ್ತಾರೆ ಎಂದು ಅಂಕಯ್ಯ ಮಾತಿಗೆ ಮುಂಚೆ ಒಮ್ಮೆ, ಮಾತಾದ ಮೇಲೆ ಒಮ್ಮೆ ಹೇಳುತ್ತಿದ್ದ.

ಮಾರಿಗುಡಿ ಕಟ್ಟೆಯಲ್ಲಿ ತೀರ್ಮಾನವಾದಾಗ ಹೆಂಗಸರನ್ನು ಕರೆಯುವ ಪದ್ಧತಿ ಇರಲಿಲ್ಲ. ನಿಂಗಯ್ಯ ನಿಂತುಕೊಂಡು ಕೇಳಿ, 'ಆಗ್ಲಿ' ಎಂದು ಬಂದ. ಮನೆಯಲ್ಲಿ ಹೇಳುವ ಧೈರ್ಯ ಸಾಲದೆ, ಊಟ ಮಾಡಿ ಮಲಗಿದ.

ಬೆಳಿಗ್ಗೆ ನೀರುಗಂಟಿ ಚಿಕ್ಕಮಾದು ಹೆಗಲ ಮೇಲೆ ಕೊರಡು ಹೊತ್ತುಕೊಂಡು ಅಂಗಳಕ್ಕೆ ಬಂದ. ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ. ಕೊರಡು ಕಟ್ಟುವುದೂ ಅವನ ತಲೆಗೇ ಬಿದ್ದಿತ್ತು. ಚಿಕ್ಕಬೋರಮ್ಮ ಸಗಣಿ ಬಾಚುತ್ತಿದ್ದಳು.

"ಅವ್ವಾ, ಬೇಜಾರ್ ಮಾಡ್ಕಬ್ಯಾಡಿ. ಕಟ್ಟೇಲಿ ತೀರ್ಮಾನ ಆಗದೆ. ಕೊಯ್ಲು ತಂಕ ಕೆಂಪಿಗೆ ಕೊರಡು ಕಟ್ಬೇಕಂತೆ."

"ಯಾರಂದೋರು?"

"ಅಂಕಯ್ನೋರು."

"ಗಬ್ಬದ ಅಸ ಅಂತ ಕಣ್ಗೆ ಕಾಣ್ನಿಲ್ವಂತಾ? ವಟ್ಟೆಗೆ ಬಡುದ್ರೆ ಕಂದಾಕ್ತದೆ ಅಂತ ಗೊತ್ತಿಲ್ವಾ?"

ಚಿಕ್ಕಮಾದು ನೆಲ ನೋಡಿದ. "ಯೋಳ್ದೆ ಕಣವ್ವ. ಗಬ್ಬ ಆದ್ರೆ ಬಾಯ್ ಮುಚ್ಕಂಡಿರ್ಬೇಕಿತ್ತು ಅಂದ್ರು."

ಚಿಕ್ಕಬೋರಮ್ಮ ಸಗಣಿಯ ಕೈಯನ್ನು ಬಾನಿಯ ನೀರಲ್ಲಿ ತೊಳೆದುಕೊಂಡಳು. ಸೆರಗಿಗೆ ಒರೆಸಿಕೊಂಡಳು. ಬೈಗುಳ ಬರುತ್ತದೆ ಎಂದು ಚಿಕ್ಕಮಾದು ಒಂದು ಹೆಜ್ಜೆ ಹಿಂದೆ ಸರಿದ. ಬೈಗುಳ ಬರಲಿಲ್ಲ.

"ಮೇದಿದ್ದು ಅಸ, ಸರಿ. ಅದ್ನ ಆ ಓಣೀಲಿ ಒಡ್ಕಂಡೋಗಿದ್ದು ನಾನು. ಅಲ್ವಾ?"

"ಹೂ ಕಣವ್ವ."

"ಅಂಗಾರೆ ತಪ್ಪು ನಂದು. ಕಟ್ಟು ನನ್ಗೆ."

ಅವನಿಗೆ ಅರ್ಥವಾಗುವ ಮೊದಲೇ ಆಕೆ ಅವನ ಮುಂದೆ ಕತ್ತು ಬಗ್ಗಿಸಿ ನಿಂತಿದ್ದಳು.

"ಅವ್ವಾ, ಎಲ್ಲಾದ್ರು ಉಂಟಾ!"

"ಕಟ್ತೀಯೋ, ಇಲ್ಲಾ ಈ ಕೊರಡ್ನ ನಿನ್ ತಲೆ ಮೇಲೆ ಆಕ್ಲೋ?"

ಚಿಕ್ಕಮಾದು ಕಟ್ಟಿದ. ಕಟ್ಟುವ ಗಡಿಬಿಡಿಯಲ್ಲಿ ಎರಡು ಗಂಟು ಹೆಚ್ಚೇ ಹಾಕಿದ. ಹಸುವಿಗೆ ಮಂಡಿಗೆ ಬರುವ ಕೊರಡು ಆಕೆಗೆ ಹೊಟ್ಟೆಗೆ ಬಂತು. ಒಳಗಿನಿಂದ ಬಂದ ನಿಂಗಯ್ಯ ಹೊಸಿಲ ಮೇಲೆ ನಿಂತೇಬಿಟ್ಟ.

"ಏನಮ್ಮಿ ಇದು? ಊರೇ ನಗ್ತದೆ."

"ನಗ್ಲಿ ಬುಡು. ನಗೋರ್ ಅಲ್ಲೇನ್ ಉದ್ರೋಗಲ್ಲ. ನೀನು ಅಸೀಗೆ ನೀರ್ ಕುಡ್ಸು."

ಊರು ನಕ್ಕಿತು. ನಗದೆ ಏನು ಮಾಡೀತು? ಕೊರಳಿಗೆ ದನದ ಕೊರಡು ಕಟ್ಟಿಕೊಂಡ ಹೆಂಗಸು ಬಾವಿಯಲ್ಲಿ ನೀರು ಸೇದುತ್ತಾಳೆ, ಅಂಗಡಿಯಲ್ಲಿ ಉಪ್ಪು ಕೇಳುತ್ತಾಳೆ, ಬಸ್ಸಿನವರು ತಲೆ ಹೊರಗೆ ಹಾಕಿ ನೋಡುವಂತೆ ರಸ್ತೆಯಲ್ಲಿ ನಡೆಯುತ್ತಾಳೆ. ಮಳವಳ್ಳಿಯಿಂದ ಬರುತ್ತಿದ್ದ ಶಾಲೆಯ ಮೇಷ್ಟ್ರು ತಿರುನಾರಾಯಣ, 'ಏನು ತಾಯಿ, ಹರಕೆಯೆ?' ಎಂದು ಮೆಲ್ಲಗೆ ಕೇಳಿದರು. 'ಅರ್ಕೆ ಅಲ್ಲ ಬುದ್ದಿ, ಸಿಕ್ಸೆ. ಕಬ್ಬು ಮೇದಿದ್ದೀನಿ' ಎಂದು ಆಕೆ ಮುಂದೆ ಹೋದಳು. ಆ ಮಾತು ಮೇಷ್ಟ್ರ ಜೊತೆ ಸಂಜೆ ಬಸ್ಸಿಗೆ ಮಳವಳ್ಳಿ ತಲುಪಿತು.

ಬೇಕೆಂದೇ ಆಕೆ ದಿನವೂ ಕಟ್ಟೆಯ ಮುಂದೆ ಹಾಯುತ್ತಿದ್ದಳು. ಮೊದಲ ದಿನ ಅಂಕಯ್ಯ ಎಲೆಅಡಿಕೆ ಉಗುಳಿ ಕೇಳಿದ, "ಏನಮ್ಮ ಬೋರಮ್ಮ, ಇದ್ಯಾವ ಯಾಸ?"

"ಯಾಸ ಅಲ್ಲ ಮಾವ, ನಿಮ್ ತೀರ್ಮಾನ."

ಅವನೂ ನಕ್ಕ. ಪಕ್ಕದವರಿಗೆ, "ಎಲ್ಡ್ ದಿನ ಕಣ್ಲಾ. ಕತ್ತು ನೊಂದ್ರೆ ತಾನೇ ಬಿಚ್ಚಾಕ್ತಾಳೆ ಬುಡು" ಎಂದ.

ಕತ್ತು ನೊಂದದ್ದು ಸುಳ್ಳಲ್ಲ. ನಾಟಿಯ ಕಾಲ ಅದು. ಕೆಸರಲ್ಲಿ ಬಗ್ಗಿದರೆ ಕೊರಡು ನೀರಿಗೆ ಮುಳುಗಿ ನೆನೆದು ಇಮ್ಮಡಿ ಭಾರವಾಗುತ್ತಿತ್ತು. ಹಗ್ಗ ಉಜ್ಜಿ ಉಜ್ಜಿ ಕೊರಳ ಚರ್ಮ ಕಿತ್ತು ಬಂತು. ಬೆವರು ಬಿದ್ದರೆ ಕೆಂಡ ಇಟ್ಟ ಹಾಗೆ ಉರಿಯುತ್ತಿತ್ತು. ಒಂದು ದಿನ ಬಚ್ಚಲಲ್ಲಿ ನೀರು ಹುಯ್ದುಕೊಳ್ಳುತ್ತ ಆಕೆ ಅತ್ತೇಬಿಟ್ಟಳು. ನೋವಿಗಲ್ಲ, ಬಿಚ್ಚಿಹಾಕಬೇಕು ಅನ್ನಿಸಿತಲ್ಲ, ಆ ಹೆದರಿಕೆಗೆ. ತಾನು ಬಿಚ್ಚಿದ ಗಳಿಗೆ ಅದು ಕೆಂಪಿಯ ಕೊರಳಿಗೆ ಹೋಗುತ್ತದೆ. ಹೆಜ್ಜೆಗೊಮ್ಮೆ ಆ ಕೊರಡು ಕೆಂಪಿಯ ಮಂಡಿಗೆ, ಕಡಸು ಮಲಗಿದರೆ ಹೊಟ್ಟೆಗೆ ಬಡಿಯುತ್ತದೆ. ನಾಲೆಯ ಕಲ್ಲು, ಕರಿಯನ ಅರ್ಧ ತೆರೆದ ಬಾಯಿ ನೆನಪಿಗೆ ಬಂದವು. ಕಣ್ಣೀರು ತೊಳೆದುಕೊಂಡು ಹೊರಗೆ ಬಂದಳು.

ಅವತ್ತು ನಿಂಗಯ್ಯ ತನ್ನ ಹಳೆಯ ಪಂಚೆ ಹರಿದು, ಹರಳೆಣ್ಣೆಯಲ್ಲಿ ನೆನೆಸಿ, ಹಗ್ಗದ ಸುತ್ತ ಸುತ್ತತೊಡಗಿದ. ಆಕೆ ಸುಮ್ಮನೆ ಕತ್ತು ಕೊಟ್ಟು ಕೂತಳು.

"ಕಟ್ಟೇಲಿ ನಾನ್ 'ಆಗ್ಲಿ' ಅನ್ಬಾರ್ದಾಗಿತ್ತು" ಎಂದ ಅವನು.

"ಅನ್ಬಾರ್ದಾಗಿತ್ತು" ಎಂದಳು ಆಕೆ. ಅಷ್ಟಕ್ಕೇ ಬಿಟ್ಟಳು. ಆಕೆ ಅಷ್ಟಕ್ಕೇ ಬಿಟ್ಟದ್ದು ನಿಂಗಯ್ಯನ ಬದುಕಿನಲ್ಲಿ ಅದೇ ಮೊದಲು.

ಕೆಲವು ದಿನ ಕಳೆಯಿತು. ಪಕ್ಕದ ಮನೆ ದೇವಿರಮ್ಮನ ಎಮ್ಮೆ ಹಗ್ಗ ಕಿತ್ತುಕೊಂಡು ಅಂಕಯ್ಯನ ತಮ್ಮನ ಭತ್ತಕ್ಕೆ ನುಗ್ಗಿತು. ಅದಕ್ಕೂ ಮೂರನೆಯ ಸಲ. ಕಟ್ಟೆ ಸೇರಿತು, ಕೊರಡು ಎಂದಿತು. ಚಿಕ್ಕಮಾದು ಅಭ್ಯಾಸಬಲದಿಂದ ಮಾರಿಗುಡಿಯ ತೊಲೆ ನೋಡಿದ. ತೊಲೆ ಬರಿದಾಗಿತ್ತು. ತಲೆ ಕೆರೆದುಕೊಂಡು ಚಿಕ್ಕಬೋರಮ್ಮನ ಅಂಗಳಕ್ಕೆ ಬಂದ.

"ಅವ್ವಾ, ಕೊರಡು ಬೇಕಾಗಿತ್ತಲ್ಲ."

"ಯಾಕೆ?"

"ದೇವಿರಮ್ಮೋರ್ ಎಮ್ಮೇಗೆ."

"ನನ್ಗೆ ಯಾವತ್ ಗಂಟ ಅಂದಿದ್ರು?"

"ಕೊಯ್ಲು ತಂಕ."

"ಕೊಯ್ಲು ಆಗದಾ?"

"ಇಲ್ಲ ಕಣವ್ವ. ಇನ್ನ ನಾಟೀನೇ ಮುಗ್ದಿಲ್ಲ."

"ಮತ್ತೆ? ಊರ್ ಕಟ್ನ ನಾನ್ ಮುರ್ಯೋಳಲ್ಲಪ್ಪ. ಓಗ್ ಯೋಳು."

ಇಷ್ಟು ದಿನ ಯಾರ ತಲೆಗೂ ಹೊಳೆಯದಿದ್ದ ಸಂಗತಿ ಆಗ ಹೊಳೆಯಿತು. ಊರಿಗೆ ಇರುವುದು ಒಂದು ಕೊರಡು, ಅದು ಚಿಕ್ಕಬೋರಮ್ಮನ ಕೊರಳಲ್ಲಿ. ಅದು ಅಲ್ಲಿರುವ ತನಕ ಊರಿನ ಯಾವ ದನಕ್ಕೂ ಶಿಕ್ಷೆಯಿಲ್ಲ. ನಿಜ ಹೇಳಬೇಕೆಂದರೆ ಚಿಕ್ಕಬೋರಮ್ಮನಿಗೂ ಅದು ಹೊಳೆದದ್ದು ಚಿಕ್ಕಮಾದು ಕೇಳಿದಾಗಲೇ. ಹೊಳೆದ ಮೇಲೆ ಮಾತ್ರ ಆಕೆಯ ಕತ್ತು ನೆಟ್ಟಗಾಯಿತು.

ಅಂಕಯ್ಯ ಆಚಾರಿಯನ್ನು ಕರೆಸಿ ಹೊಸ ಕೊರಡು ಕೆತ್ತು ಎಂದ. ಆಚಾರಿ ಉಳಿ ಮುಟ್ಟಲಿಲ್ಲ. "ಎಲ್ಡನೇದು ಮಾಡುದ್ರೆ ಊರು ಎಲ್ಡಾಯ್ತದೆ ಯಜಮಾನ್ರೆ. ಆ ಪಾಪ ನನ್ ಕೈಲಿ ಬ್ಯಾಡ" ಎಂದ. ಕಟ್ಟೆಯ ಹಿರಿಯರೂ ಆಚಾರಿಯ ಕಡೆಗೇ ತಲೆಯಾಡಿಸಿದರು. ಓಣಿ ತಿನ್ನುವಾಗ ಅಡ್ಡ ಬಾರದ ಮಾರಮ್ಮ ಈಗ ಅಡ್ಡ ಬಂದಿದ್ದಳು.

ಮಾರನೆಯ ದಿನ ದೇವಿರಮ್ಮ ಎಮ್ಮೆಯನ್ನು ಹಗ್ಗವಿಲ್ಲದೆ ಬಿಟ್ಟುಕೊಂಡು ಚಿಕ್ಕಬೋರಮ್ಮನ ಬಾಗಿಲಿಗೆ ಬಂದಳು. ನಕ್ಕವರಲ್ಲಿ ಮೊದಲಿನವಳು ಅವಳೇ. "ಅಕ್ಕಾ, ನೀರ್ಗೆ ಓಗನ ಬಾ. ಓಣೀಲೇ ಓಗನ" ಎಂದಳು. ಮುಂದೆ ಕೊರಳಲ್ಲಿ ಕೊರಡು ಆಡಿಸುತ್ತ ಚಿಕ್ಕಬೋರಮ್ಮ, ಹಿಂದೆ ಕೆಂಪಿ, ಅದರ ಹಿಂದೆ ಎಮ್ಮೆ. ಎರಡನೆಯ ಬೀದಿಯಿಂದ ಇನ್ನಾರೋ ಜೋಡಿ ಎತ್ತು ಬಿಟ್ಟರು. ಕೆಳಗಿನ ಮನೆಯವರು ಕರುಗಳನ್ನು ಬಿಟ್ಟರು. ಗಂಡಸರು ಕಟ್ಟೆಯಲ್ಲಿ ಕೂತು ನೋಡುತ್ತಿದ್ದ ಹಾಗೆ ಹೆಂಗಸರು ಊರಿನ ದನವನ್ನೆಲ್ಲ ಒಟ್ಟಿಗೆ ಓಣಿಗೆ ನಡೆಸಿದರು. ಯಾರೂ ಕೋಲು ಬೀಸಲಿಲ್ಲ, ಯಾರೂ ಕಬ್ಬು ಮುರಿಯಲಿಲ್ಲ. ಹಿಂಡು ದನ ನಡೆಯಲು ಎಷ್ಟು ಜಾಗ ಬೇಕೋ ಅಷ್ಟು ಜಾಗವನ್ನು ದನಗಳೇ ಮಾಡಿಕೊಂಡವು. ಸಂಜೆ ವಾಪಸು ಬಂದಾಗ ಎರಡು ಪಕ್ಕದಲ್ಲೂ ಅಂಕಯ್ಯನ ಕಬ್ಬು ಸಾಲು ಸಾಲಾಗಿ ಮಲಗಿತ್ತು. ಮರುದಿನವೂ ಹಾಗೆಯೇ ಹೋದರು.

ಮೂರನೆಯ ದಿನ ಅಂಕಯ್ಯ ತಾನೇ ಚಿಕ್ಕಬೋರಮ್ಮನ ಅಂಗಳಕ್ಕೆ ಬಂದ. ಕೂರು ಎಂದು ಆಕೆ ಹೇಳಲಿಲ್ಲ.

"ಏನಮ್ಮಿ, ಊರ್ ಎಂಗುಸ್ರುನ್ನೆಲ್ಲ ಎತ್ಕಟ್ಟಿದ್ದೀಯ? ಕಾಲ ಎಂತಾದ್ದು ಗೊತ್ತೇನೆ? ಒಂದ್ ಮಾತ್ ಯೋಳುದ್ರೆ ಪೊಲೀಸ್ನೋರ್ ಬಂದ್ ಎತ್ಕೊಂಡೋಯ್ತಾರೆ."

"ಕರ್ಸಿ ಮಾವ. ಈ ಕೊರಡಲ್ಲೇ ಸ್ಟೇಸನ್ಗೆ ಬತ್ತೀನಿ. ಎಂಗಸ್ರ್ ಕೊಳ್ಗೆ ದನದ್ ಕೊರಡು ಕಟ್ಟೋ ಊರು ಯಾವ್ದು, ಕಟ್ಸಿದೋರ್ ಯಾರು ಅಂತ ಕೇಳ್ತಾರೆ. ಯೋಳ್ತೀನಿ."

"ನಿನ್ಗ್ ಯಾರೇ ಕಟ್ಟುಸ್ದೋರು? ನಾನ್ ಅಂದಿದ್ದು ಅಸೀಗೆ!"

"ಅಸೀಗೂ ನನ್ಗೂ ಅದೇ ದಾರಿ ಮಾವ. ಆ ದಾರೀನ ನೀವ್ ಉತ್ಕಂಡ್ರಿ."

ಅಂಕಯ್ಯನಿಗೆ ಬಂದ ಸಿಟ್ಟಿಗೆ ಮೀಸೆ ಅದುರಿತು. ಬೇಲಿಯಾಚೆ ದೇವಿರಮ್ಮ, ಅವಳ ಹಿಂದೆ ಇನ್ನಷ್ಟು ಹೆಂಗಸರು ನಿಂತಿದ್ದರು. ಯಾವಾಗಲೂ 'ಆಗ್ಲಿ' ಅನ್ನುವ ನಿಂಗಯ್ಯ ಕೊಟ್ಟಿಗೆಯಿಂದ ಎದ್ದು ಬಂದು ಹೆಂಡತಿಯ ಪಕ್ಕಕ್ಕೆ ನಿಂತ.

"ಬಿಚ್ಚು ಈಗ. ಸಾಕು" ಎಂದ ಅಂಕಯ್ಯ, ಧ್ವನಿ ತಗ್ಗಿಸಿ. "ಕೆಂಪಿಗೆ ಕಟ್ಸಲ್ಲ. ಮಾತ್ ಕೊಡ್ತೀನಿ."

"ಆಗಲ್ಲ" ಎಂದ ನಿಂಗಯ್ಯ. ಅವನ ಬಾಯಿಂದ ಆ ಮಾತು ಕೇಳಿ ಚಿಕ್ಕಬೋರಮ್ಮನೇ ತಿರುಗಿ ನೋಡಿದಳು.

"ಮತ್ತೇನ್ಲಾ ಬೇಕು ನಿಮ್ಗೆ?"

"ಓಣಿ" ಎಂದಳು ಚಿಕ್ಕಬೋರಮ್ಮ. "ಮುಂಚೆ ಎಷ್ಟ್ ಇತ್ತೋ ಅಷ್ಟು. ಕಬ್ಬಿನ್ ಕೂಳೆ ಸಮೇತ ಕೀಳ್ಸಿ. ಆಮೇಲೆ ಕಟ್ಟೇಲಿ, ಎಲ್ಲಾರ್ ಮುಂದೆ, ನೀವೇ ಬಿಚ್ಚಿ. ಇಲ್ದಿದ್ರೆ ಕೊಯ್ಲು ತಂಕ ಇರ್ಲಿ. ನನ್ ಕತ್ಗೆ ಈಗ ಒಗ್ಗೋಗದೆ."

ಒಗ್ಗಿರಲಿಲ್ಲ. ಹಾಗೆ ಹೇಳುವಾಗಲೂ ಪಂಚೆಯ ಬಟ್ಟೆಯಡಿ ಗಾಯ ಜಿನುಗುತ್ತಿತ್ತು. ಅದು ಅಂಕಯ್ಯನಿಗೆ ಗೊತ್ತಾಗುವ ಅಗತ್ಯವೇನಿತ್ತು?

ಅವನು ವಾರ ತಡೆದ. ತಡೆದಷ್ಟೂ ದನ ನಡೆದವು. ಸುತ್ತಿನ ಊರುಗಳಿಂದ ಜನ ಬೆಲ್ಲದ ವ್ಯಾಪಾರಕ್ಕೆ ಬಂದವರ ಹಾಗೆ ಬಂದು ಕೊರಡಿನ ಹೆಂಗಸನ್ನು ನೋಡಿ ಹೋಗತೊಡಗಿದರು. ಅಂಕಯ್ಯ ಕಟ್ಟೆಗೆ ಬರುವುದನ್ನೇ ಬಿಟ್ಟ. ಕೊನೆಗೆ ಮಲಗಿದ ಕಬ್ಬನ್ನು ಕಡಿಸಿ, ಕೂಳೆ ಅಗೆಸಿ, ಊರಿನ ಮುದುಕರು ನೆನಪಿಟ್ಟ ಹಳೆಯ ಬದುವಿಗೆ ಕಳ್ಳಿ ನೆಡಿಸಿದ.

ಕಟ್ಟೆಯಲ್ಲಿ ಊರು ಸೇರಿತು. ಈ ಸಲ ಹೆಂಗಸರನ್ನು ಯಾರೂ ಕರೆಯಲಿಲ್ಲ, ಆದರೂ ಬಂದರು. ಚಿಕ್ಕಬೋರಮ್ಮ ಅಂಕಯ್ಯನ ಮುಂದೆ ನಿಂತಳು. ಚಿಕ್ಕಮಾದು ಹಾಕಿದ ಗಂಟು ಕೆಸರು, ಬೆವರು, ಮಳೆ ಕುಡಿದು ಕಲ್ಲಾಗಿತ್ತು. ಅಂಕಯ್ಯ ಒಂದಿಷ್ಟು ಒದ್ದಾಡಿ ಕುಡುಗೋಲಿಗೆ ಕೈಚಾಚಿದ.

"ಕುಯ್ಬ್ಯಾಡಿ ಮಾವ" ಎಂದಳು. "ಬಿಚ್ಚಿ."

ಊರಿನ ಯಜಮಾನ ಉಗುರಿನಲ್ಲಿ, ಆಮೇಲೆ ಹಲ್ಲಿನಲ್ಲಿ ಗಂಟು ಕಿತ್ತ. ಹಗ್ಗ ಬಿಡಿಸಿಕೊಂಡು ಬಂದಾಗ ಪಂಚೆಯ ಬಟ್ಟೆಯೂ ಜೊತೆಗೆ ಬಂತು; ಅಡಿಯಲ್ಲಿ ಕೊರಳು ಬಳೆಯಾಕಾರಕ್ಕೆ ಹುಣ್ಣಾಗಿತ್ತು. ಕೊರಡು ಮತ್ತೆ ತೊಲೆಗೇರಿತು. ಅಲ್ಲಿಂದ ಅದನ್ನು ಇಳಿಸೋಣ ಎಂದು ಆಮೇಲೆ ಯಾರು ಹೇಳಿದರೂ, ಯಾರಿಗೆ ಕಟ್ಟುವುದು ಎಂದು ಇನ್ನೊಬ್ಬರು ಕೇಳುತ್ತಿದ್ದರು. ಅಲ್ಲಿಗೆ ಮಾತು ನಿಲ್ಲುತ್ತಿತ್ತು.

ಕೊರಳ ಹುಣ್ಣು ಮಾಯುವಷ್ಟರಲ್ಲಿ ಕೆಂಪಿಗೆ ದಿನ ತುಂಬಿತು. ಒಂದು ಬೆಳಿಗ್ಗೆ ನೀರು ಕುಡಿದು ವಾಪಸು ಬರುವಾಗ ಕಡಸು ಓಣಿಯ ನಟ್ಟನಡುವೆ ನಿಂತಿತು, ಕಾಲು ಅಗಲಿಸಿತು, ಮಲಗಿಬಿಟ್ಟಿತು. ಚಿಕ್ಕಬೋರಮ್ಮ ಸೀರೆ ಎತ್ತಿಕಟ್ಟಿ ಅದರ ಹಿಂದೆ ಕೂತಳು. ಕರುವಿನ ಮುಂಗಾಲ ಗೊರಸು ಎರಡು ಕಾಣಿಸಿದ್ದವು. ಅಷ್ಟರಲ್ಲಿ ಎದುರಿನಿಂದ ಕಬ್ಬು ತುಂಬಿದ ಗಾಡಿ ಬಂತು. ಹೊಡೆಯುತ್ತಿದ್ದವನು ಅಂಕಯ್ಯ. ಆಲೆಮನೆಯಲ್ಲಿ ಗಾಣ ಕಾಯುತ್ತಿದೆಯೆಂದು ಅವನಿಗೆ ಅವಸರ.

"ಪಕ್ಕಕ್ ಎಳ್ಕಳಮ್ಮಿ, ಗಾಡಿ ಓಗ್ಬೇಕು!"

ಚಿಕ್ಕಬೋರಮ್ಮ ತಲೆ ಎತ್ತಲಿಲ್ಲ. ಒಂದು ಕೈ ಕೆಂಪಿಯ ಬೆನ್ನ ಮೇಲಿತ್ತು, ಇನ್ನೊಂದು ಕರುವಿನ ಗೊರಸು ಹಿಡಿದಿತ್ತು.

"ಈಯ್ತಾ ಅದೆ. ಕಾಯಿ" ಎಂದಳು.

ಅಂಕಯ್ಯ ಎತ್ತುಗಳ ಮೂಗುದಾರ ಜಗ್ಗಿ ಹಿಡಿದ. ಎರಡು ಪಕ್ಕ ತಾನೇ ನೆಡಿಸಿದ ಕಳ್ಳಿ ನೋಡಿದ. ಆಮೇಲೆ ಗಾಡಿಯಿಂದ ಇಳಿದು, ಎತ್ತುಗಳ ಕೊರಳಿಂದ ನೊಗ ಬಿಡಿಸಿ, ಬದುವಿನ ಪಕ್ಕ ಕೂತು ಕಾದ.